ನೆತ್ತಿಯ ಮೇಲಿನ ಬೆಳ್ಳಿ ಹುರುಪೆ

ನಮ್ಮ ಮೈಯನ್ನು ಹೊದಿಸಿರುವ ಚರ್ಮವು ಎಂದೂ ಸುಮ್ಮನಿರುವ ವಸ್ತುವಲ್ಲ. ಅದು ಹಗಲಿರುಳೂ ತನ್ನ ತಳದಲ್ಲಿ ಹೊಸ ಜೀವಕಣಗಳನ್ನು ಹುಟ್ಟಿಸುತ್ತ, ಮೇಲುಗಡೆಯಲ್ಲಿ ಹಳೆಯ ಕಣಗಳನ್ನು ಉದುರಿಸುತ್ತ, ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತಿರುತ್ತದೆ. ಈ ಕೆಲಸವು ಹದವರಿತು ನಡೆಯುತ್ತಿರುವಷ್ಟು ಕಾಲ ನಮಗೆ ಅದರ ಅರಿವೇ ಇರದು. ಹದ ತಪ್ಪಿ ಅದು ಅವಸರಕ್ಕೆ ಬಿದ್ದಾಗ ಉಂಟಾಗುವ ಬೇನೆಗಳಲ್ಲಿ ಮುಖ್ಯವಾದುದು ಸೋರಿಯಾಸಿಸ್. ಇದು ಮೊಣಕೈ, ಮೊಣಕಾಲು, ಸೊಂಟದ ಹಿಂಭಾಗ ಇವುಗಳಲ್ಲಿ ಕಾಣಿಸಿಕೊಳ್ಳುವಂತೆಯೇ ತಲೆಯ ಚರ್ಮದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಈ ರೋಗವುಳ್ಳವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಕಾಲದಲ್ಲಿ ನೆತ್ತಿಯ ಮೇಲೆ ಅದು ತಲೆದೋರುವುದುಂಟು. ಕೆಲವರಲ್ಲಿ ನೆತ್ತಿಯೇ ಅದರ ಮೊದಲ ಠಾವು. ಬಹುಕಾಲದವರೆಗೆ ಅದೊಂದೇ ಠಾವು.

ನೆತ್ತಿಯ ಸೋರಿಯಾಸಿಸ್ ಪ್ರಾಣಕ್ಕೆ ಎರವಾಗುವ ಬೇನೆಯಲ್ಲ. ಆದರೆ ಅದನ್ನು ಹೊತ್ತವರು ಪಡುವ ಪಾಡು ಸಣ್ಣದೇನೂ ಅಲ್ಲ. ಕಪ್ಪು ಬಟ್ಟೆ ತೊಡಲು ಹಿಂಜರಿಕೆ, ಕ್ಷೌರದಂಗಡಿಗೆ ಹೋಗಲು ಅಳುಕು, ಮದುವೆಯ ಮಾತು ಬಂದಾಗ ಮನೆಯವರ ಪಿಸುಮಾತು, ಇವೆಲ್ಲವೂ ಅವರ ಪಾಲಿಗೆ ನಿತ್ಯದ ಸಂಗತಿಗಳು. ಇವುಗಳ ಜೊತೆಗೆ ಕಂಡವರೆಲ್ಲರ ಉಪದೇಶ ಬೇರೆ. ಒಬ್ಬರು ಉಪ್ಪು ಹಾಕಿ ತಿಕ್ಕು ಎನ್ನುತ್ತಾರೆ. ಇನ್ನೊಬ್ಬರು ನಿಂಬೆಯ ರಸ ಹಿಂಡು ಎನ್ನುತ್ತಾರೆ. ಮತ್ತೊಬ್ಬರು ತಲೆ ಬೋಳಿಸಿಬಿಡು ಎನ್ನುತ್ತಾರೆ. ಈ ಉಪಾಯಗಳೆಲ್ಲದರ ತಳದಲ್ಲಿರುವ ಭಾವನೆ ಒಂದೇ: ಹುರುಪೆಯೇ ರೋಗ, ಅದನ್ನು ಕಿತ್ತರೆ ರೋಗ ಹೋಯಿತು ಎಂಬುದು. ವಾಸ್ತವವಾಗಿ ಹುರುಪೆಯು ಕಾರಣವಲ್ಲ, ಕಾರ್ಯ. ಈ ಒಂದು ಮಾತನ್ನು ಮನಗಂಡೆವಾದರೆ ಯಾವುದನ್ನು ಮಾಡಬೇಕು, ಯಾವುದನ್ನು ಮಾಡಬಾರದು ಎಂಬುದು ಬಹುಮಟ್ಟಿಗೆ ತಾನಾಗಿಯೇ ಹೊಳೆಯುತ್ತದೆ. ಆದುದರಿಂದ ಈ ಹುರುಪೆ ಹುಟ್ಟುವ ಬಗೆಯನ್ನು ಮೊದಲು ನೋಡೋಣ.

ಚರ್ಮದ ಅವಸರ

ಚರ್ಮದ ಹೊರಪದರವು ಕಾಗದದ ಹಾಳೆಯಷ್ಟು ತೆಳುವಾದುದು. ಅದರ ಅಡಿಯ ಸಾಲಿನಲ್ಲಿರುವ ಕಣಗಳು ಒಡೆದು ಎರಡಾಗುತ್ತವೆ. ಹೀಗೆ ಹುಟ್ಟಿದ ಕಣಗಳು ಒಂದರ ಹಿಂದೊಂದು ಮೇಲಕ್ಕೆ ಸರಿಯುತ್ತ, ದಾರಿಯಲ್ಲಿ ಚಪ್ಪಟೆಯಾಗುತ್ತ, ಕೆರಾಟಿನ್ ಎಂಬ ಗಟ್ಟಿ ವಸ್ತುವನ್ನು ತುಂಬಿಕೊಳ್ಳುತ್ತ ಹೋಗುತ್ತವೆ. ನಮ್ಮ ಉಗುರು, ಕೂದಲುಗಳೂ, ದನದ ಕೊಂಬೂ ಇದೇ ಕೆರಾಟಿನ್ನಿನಿಂದ ಆದವು. ಮೇಲ್ಮೈಯನ್ನು ಸೇರುವ ವೇಳೆಗೆ ಕಣವು ಸತ್ತು, ಹೆಂಚಿನಂತೆ ಒಂದರ ಮೇಲೊಂದು ಕುಳಿತು, ಕೆಲವು ದಿನ ಮೈಯನ್ನು ಕಾದು, ಬಳಿಕ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗಿ ಉದುರುತ್ತದೆ. ಹುಟ್ಟಿನಿಂದ ಉದುರುವಿಕೆಯವರೆಗಿನ ಈ ಪಯಣಕ್ಕೆ ಆರೋಗ್ಯವಂತರಲ್ಲಿ ಸುಮಾರು ಒಂದು ತಿಂಗಳು ಹಿಡಿಯುತ್ತದೆ.

ಸೋರಿಯಾಸಿಸ್ ತಗುಲಿದ ಜಾಗದಲ್ಲಿ ಇದೇ ಪಯಣವು 4-5 ದಿನಗಳಲ್ಲಿ ಮುಗಿದುಹೋಗುತ್ತದೆ. ಅಷ್ಟು ಬೇಗ ಮೇಲೆ ಬಂದ ಕಣಗಳಿಗೆ ಪಕ್ವವಾಗಲು ವೇಳೆ ಸಾಲದು. ಅವು ಬಿಡಿಬಿಡಿಯಾಗಿ ಉದುರದೆ, ಅರೆಬೆಂದ ಇಟ್ಟಿಗೆಗಳಂತೆ ಒಂದಕ್ಕೊಂದು ಅಂಟಿಕೊಂಡು ರಾಶಿಬೀಳುತ್ತವೆ. ಈ ರಾಶಿಯ ನಡುವೆ ಗಾಳಿ ಸಿಕ್ಕಿಕೊಳ್ಳುವುದರಿಂದ ಬೆಳಕು ಅದರ ಮೇಲೆ ಚದರಿ, ಅದು ಬೆಳ್ಳಿಯಂತೆ ಹೊಳೆಯುತ್ತದೆ. ಹೊಸ ಕಣಗಳಿಗೆ ಆಹಾರ ಒದಗಿಸುವುದಕ್ಕಾಗಿ ಕೆಳಗಿನ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಹುರುಪೆಯ ಅಡಿಯ ಚರ್ಮ ಕೆಂಪೇರುವುದು ಈ ಕಾರಣದಿಂದಲೇ. ನಮ್ಮವರ ಕಂದು ಮೈಬಣ್ಣದಲ್ಲಿ ಈ ಕೆಂಪು ಸ್ಪಷ್ಟವಾಗಿ ಕಾಣದೆ ನೇರಳೆಯಾಗಿಯೋ ಕಡುಕಂದಾಗಿಯೋ ತೋರುವುದೂ ಉಂಟು. ಬಿಳಿಯ ಮೈಯವರ ಚಿತ್ರಗಳನ್ನು ಪುಸ್ತಕದಲ್ಲಿ ನೋಡಿ ‘ನನ್ನದು ಇದಲ್ಲ’ ಎಂದು ಭಾವಿಸುವುದು ಸರಿಯಲ್ಲ.

ತಪ್ಪು ಕರೆಗೆ ಓಗೊಡುವ ಕಾವಲುಗಾರರು

ಚರ್ಮಕ್ಕೆ ಈ ಅವಸರ ಬಂದುದಾದರೂ ಏತರಿಂದ? ಬಹುಕಾಲ ವಿಜ್ಞಾನಿಗಳು ದೋಷವು ಚರ್ಮದ ಕಣಗಳಲ್ಲಿಯೇ ಇದೆಯೆಂದು ನಂಬಿದ್ದರು. ಈ ನಂಬಿಕೆಯನ್ನು ಅಲುಗಿಸಿದುದು ಒಂದು ಆಕಸ್ಮಿಕ. ದೇಹದ ರಕ್ಷಣಾವ್ಯವಸ್ಥೆಯನ್ನು ತಗ್ಗಿಸುವ ಸೈಕ್ಲೋಸ್ಪೊರಿನ್ ಎಂಬ ಔಷಧವನ್ನು ಕೀಲುರೋಗದವರಿಗೆ ಕೊಟ್ಟಾಗ, ಅವರಲ್ಲಿ ಕೆಲವರಿಗಿದ್ದ ಸೋರಿಯಾಸಿಸ್ ಇಳಿದುಹೋದುದನ್ನು ವೈದ್ಯರು 1979ರಲ್ಲಿ ವರದಿಮಾಡಿದರು. ಹಾಗಾದರೆ ಮೂಲವು ಚರ್ಮದಲ್ಲಷ್ಟೇ ಅಲ್ಲ, ಚರ್ಮವನ್ನು ಕಾಯುವ ಬಿಳಿಯ ರಕ್ತಕಣಗಳಲ್ಲಿಯೂ ಇದೆ ಎಂದಾಯಿತು.

ಈಗ ತಿಳಿದಿರುವ ವಿಷಯವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಟಿ ಕಣಗಳೆಂಬ ಬಿಳಿಯ ರಕ್ತಕಣಗಳು ರೋಗಾಣುಗಳು ಒಳನುಗ್ಗಿದಾಗ ಅಪಾಯದ ಸಂಕೇತವನ್ನು ಕಳುಹಿಸುತ್ತವೆ. ಸೋರಿಯಾಸಿಸ್ಸಿನಲ್ಲಿ ವೈರಿಯಿಲ್ಲದೆಯೇ ಈ ಸಂಕೇತ ಹೊರಡುತ್ತದೆ. ಇಂಟರ್‌ಲ್ಯೂಕಿನ್-17 ಮೊದಲಾದ ಹೆಸರುಳ್ಳ ರಾಸಾಯನಿಕಗಳೇ ಆ ಸಂಕೇತಗಳು. ಅವು ಚರ್ಮವನ್ನು ಮುಟ್ಟಿದೊಡನೆ, ಗಾಯವಾಗಿದೆಯೋ ಎಂಬಂತೆ ತಳದ ಕಣಗಳು ತ್ವರೆಯಿಂದ ಬೆಳೆಯತೊಡಗುತ್ತವೆ. ಬೆಳೆಯುವ ಕಣಗಳು ತಾವೂ ಪ್ರತಿಸಂಕೇತ ಕಳುಹಿಸಿ ಇನ್ನಷ್ಟು ಟಿ ಕಣಗಳನ್ನು ಕರೆಯುತ್ತವೆ. ಹೀಗೆ ಒಂದು ಇನ್ನೊಂದನ್ನು ಕೆರಳಿಸುವ ಚಕ್ರ ಉರುಳುತ್ತದೆ. ಇಂಥ ಸ್ವಭಾವವು ಕೆಲಮಟ್ಟಿಗೆ ವಂಶದಲ್ಲಿ ಬರುವುದುಂಟು. ಹಾಗೆಂದು ತಂದೆಗೋ ತಾಯಿಗೋ ಇದ್ದರೆ ಮಕ್ಕಳಿಗೆ ಬಂದೇ ತೀರುತ್ತದೆ ಎಂದಲ್ಲ. ತಂದೆತಾಯಿಗಳಲ್ಲಿ ಒಬ್ಬರಿಗೆ ಮಾತ್ರ ಇರುವಲ್ಲಿ ಮಕ್ಕಳಲ್ಲಿ ಹೆಚ್ಚಿನವರು ರೋಗವಿಲ್ಲದೆಯೇ ಬಾಳುತ್ತಾರೆ.

ಹೊಟ್ಟೋ, ಹುಳುಕಡ್ಡಿಯೋ, ಸೋರಿಯಾಸಿಸ್ಸೋ?

ತಲೆಯಿಂದ ಬಿಳಿಯ ಪುಡಿ ಉದುರಿದ ಮಾತ್ರಕ್ಕೆ ಅದು ಸೋರಿಯಾಸಿಸ್ ಆಗಲಾರದು. ಸಾಧಾರಣ ತಲೆಹೊಟ್ಟು ನೆತ್ತಿಯ ತುಂಬ ಹರಡಿ, ನವಿರಾದ ಪುಡಿಯಾಗಿ ಉದುರುತ್ತದೆ. ಅದು ಉಲ್ಬಣಿಸಿದಾಗ ಜಿಡ್ಡಿನಿಂದ ಕೂಡಿದ ಹಳದಿ ಪೊರೆಯಾಗಿ, ಹುಬ್ಬು, ಮೂಗಿನ ಇಕ್ಕೆಲ ಇವುಗಳಲ್ಲಿಯೂ ಕಾಣುತ್ತದೆ. ಹುಳುಕಡ್ಡಿಯು ಒಂದು ಬೂಷ್ಟಿನಿಂದ ಬರುವ ಬೇನೆ. ತಲೆಯಲ್ಲಿ ಅದು ಹೆಚ್ಚಾಗಿ ಮಕ್ಕಳಿಗೆ ಬರುತ್ತದೆ; ಆ ಜಾಗದ ಕೂದಲು ಬುಡದಲ್ಲಿಯೇ ತುಂಡಾಗುತ್ತದೆ; ಅದು ಅಂಟುತ್ತದೆ ಕೂಡ. ಸೋರಿಯಾಸಿಸ್ಸಿನ ಲಕ್ಷಣ ಬೇರೆ. ಅದರ ಹುರುಪೆ ದಪ್ಪ, ಒಣಕಲು, ಬೆಳ್ಳಿಯ ಬಣ್ಣದ್ದು. ಅದರ ಅಂಚು ಗೆರೆ ಎಳೆದಂತೆ ಸ್ಪಷ್ಟ. ಅದು ಕೂದಲಿನ ಎಲ್ಲೆಯನ್ನು ದಾಟಿ ಹಣೆಯ ಮೇಲಕ್ಕೋ, ಕಿವಿಯ ಹಿಂದಕ್ಕೋ, ಕತ್ತಿನ ಹಿಂಭಾಗಕ್ಕೋ ಒಂದು ಬೆರಳಿನಷ್ಟು ಇಳಿದಿರುವುದೂ ಉಂಟು.

ಸಂದೇಹ ಬಂದಾಗ ತಲೆಯನ್ನಷ್ಟೇ ನೋಡಿದರೆ ಸಾಲದು. ಮೊಣಕೈ, ಮೊಣಕಾಲು, ಹೊಕ್ಕುಳುಗಳನ್ನು ನೋಡಬೇಕು. ಉಗುರುಗಳ ಮೇಲೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಕುಳಿಗಳಿವೆಯೇ ಎಂದು ಪರೀಕ್ಷಿಸಬೇಕು. ಬೆಳಗ್ಗೆ ಎದ್ದಾಗ ಬೆರಳ ಗಂಟುಗಳು, ಹಿಮ್ಮಡಿ, ಬೆನ್ನು ಇವು ಬಿಗಿದುಕೊಂಡು ನೋಯುತ್ತವೆಯೇ ಎಂದು ಕೇಳಿಕೊಳ್ಳಬೇಕು. ಈ ರೋಗವು ಕೆಲವರಲ್ಲಿ ಕೀಲುಗಳನ್ನೂ ಹಿಡಿಯುತ್ತದೆ. ಕಾಲ ಮೀರಿದರೆ ಕೀಲು ಶಾಶ್ವತವಾಗಿ ಕೆಡಬಹುದಾದುದರಿಂದ ಆ ನೋವನ್ನು ವೈದ್ಯರಿಂದ ಮರೆಮಾಚಕೂಡದು. ರೋಗವನ್ನು ಗುರುತಿಸುವ ಕೆಲಸ ಕೊನೆಗೂ ಚರ್ಮವೈದ್ಯರದೇ. ಹುಳುಕಡ್ಡಿಗೆ ಹಚ್ಚುವ ಔಷಧ ಸೋರಿಯಾಸಿಸ್ಸಿಗೆ ನಾಟದು. ಸೋರಿಯಾಸಿಸ್ಸಿಗೆ ಹಚ್ಚುವ ಸ್ಟೆರಾಯಿಡ್ ಹುಳುಕಡ್ಡಿಯನ್ನು ಇನ್ನೂ ಹಬ್ಬಿಸುತ್ತದೆ.

ಅಂಟುರೋಗವೆಂಬ ಭ್ರಮೆ

ಸೋರಿಯಾಸಿಸ್ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಒಂದೇ ಬಾಚಣಿಗೆಯಿಂದಾಗಲಿ, ದಿಂಬಿನಿಂದಾಗಲಿ, ಕ್ಷೌರಿಕನ ಕತ್ತರಿಯಿಂದಾಗಲಿ, ಜೊತೆಯಲ್ಲಿ ಮಲಗುವುದರಿಂದಾಗಲಿ ಅದು ದಾಟಲಾರದು. ದಾಟಲು ಅಲ್ಲಿ ರೋಗಾಣುವೇ ಇಲ್ಲ.

ಇಷ್ಟು ಸರಳವಾದ ಮಾತನ್ನು ಜಗತ್ತು ತಿಳಿದುಕೊಳ್ಳಲು ಶತಮಾನಗಳೇ ಬೇಕಾದವು. ಗ್ರೀಕರು ಹುರುಪೆಯೇಳುವ ಹಲವು ಚರ್ಮವ್ಯಾಧಿಗಳನ್ನು ‘ಲೆಪ್ರ’ ಎಂಬ ಒಂದೇ ಹೆಸರಿನಿಂದ ಕರೆದರು. ಮುಂದೆ ಅದೇ ಹೆಸರು ಕುಷ್ಠಕ್ಕೂ ಅಂಟಿಕೊಂಡುದರಿಂದ ಎರಡು ರೋಗಗಳೂ ಬೆರೆತುಹೋದವು. 19ನೆಯ ಶತಮಾನದ ಮೊದಲಲ್ಲಿ ಲಂಡನ್ನಿನ ರಾಬರ್ಟ್ ವಿಲನ್ ಸೋರಿಯಾಸಿಸ್ಸನ್ನು ಚೆನ್ನಾಗಿ ವರ್ಣಿಸಿದನಾದರೂ ‘ಲೆಪ್ರ’ ಎಂಬ ಮಾತನ್ನು ಬಿಡಲಿಲ್ಲ. 1841ರಲ್ಲಿ ವಿಯೆನ್ನಾ ನಗರದ ಫರ್ಡಿನಾಂಡ್ ಹೆಬ್ರಾ ಎಂಬ ವೈದ್ಯನು ಆ ಹೆಸರನ್ನು ಇದರಿಂದ ಕಳಚಿಹಾಕಿದನು. ಕುಷ್ಠಕ್ಕೆ ಕಾರಣವಾದ ರೋಗಾಣುವನ್ನು 1873ರಲ್ಲಿ ನಾರ್ವೆಯ ಹಾನ್ಸನ್ ಕಂಡುಹಿಡಿದ ಮೇಲೆ ಎರಡಕ್ಕೂ ಸಂಬಂಧವಿಲ್ಲವೆಂಬುದು ದೃಢವಾಯಿತು. ವೈದ್ಯರ ಗ್ರಂಥಗಳಿಂದ ಹೊರಟುಹೋದ ಈ ಗೊಂದಲವು ಜನರ ಮನಸ್ಸಿನಿಂದ ಇನ್ನೂ ಪೂರ್ತಿ ಹೊರಟಿಲ್ಲ. ಇಂದು ಕುಷ್ಠವು ಔಷಧದಿಂದ ಗುಣವಾಗುವ ರೋಗ. ಕುಷ್ಠರೋಗಿಯನ್ನೇ ದೂರವಿಡುವುದು ತಪ್ಪಾಗಿರುವಲ್ಲಿ, ಅಂಟದ ಬೇನೆಯುಳ್ಳವರನ್ನು ದೂರವಿಡುವುದಕ್ಕೆ ಏನೆನ್ನಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2014ರಲ್ಲಿ ಸೋರಿಯಾಸಿಸ್ಸನ್ನು ಕುರಿತು ಒಂದು ನಿರ್ಣಯವನ್ನು ಕೈಗೊಂಡು, ಈ ಕಳಂಕವನ್ನು ತೊಡೆಯಬೇಕೆಂಬುದನ್ನೂ ಅದರಲ್ಲಿ ಎತ್ತಿಹೇಳಿದವು.

ಕೆರೆಯಬಾರದೇಕೆ?

1872ರಲ್ಲಿ ಜರ್ಮನಿಯ ಬ್ರೆಸ್ಲಾವ್ ನಗರದ ಹೈನ್ರಿಕ್ ಕೊಬ್ನರ್ ಎಂಬ ಚರ್ಮವೈದ್ಯನು ಒಬ್ಬ ಸೋರಿಯಾಸಿಸ್ ರೋಗಿಯ ವಿಷಯವನ್ನು ತಿಳಿಸಿದನು. ಅವನ ಮೈಯ ಮೇಲೆ ತರಚಿದಲ್ಲಿ, ಕುದುರೆ ಕಚ್ಚಿದಲ್ಲಿ, ಹಚ್ಚೆ ಹೊಯ್ದಲ್ಲಿ, ಗಾಯದ ಆಕಾರಕ್ಕೆ ಸರಿಯಾಗಿಯೇ ಹೊಸ ಹುರುಪೆಗಳು ಎದ್ದಿದ್ದವು. ಚರ್ಮಕ್ಕೆ ಪೆಟ್ಟು ಬಿದ್ದ ಕಡೆ ರೋಗವು ಹೊಸದಾಗಿ ಏಳುವ ಈ ಗುಣಕ್ಕೆ ಇಂದಿಗೂ ಅವನ ಹೆಸರೇ ಇದೆ.

ನೆತ್ತಿಯ ಮಟ್ಟಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಉಗುರಿನಿಂದ ಕೆರೆಯುವುದು, ಸೀರಣಿಗೆಯಿಂದ ಗೀರುವುದು, ಸೀಗೆಪುಡಿಯನ್ನು ಬಲವಾಗಿ ತಿಕ್ಕುವುದು, ಒರಟು ಪಂಚೆಯಿಂದ ಉಜ್ಜಿ ಒರೆಸುವುದು, ಇವೆಲ್ಲವೂ ಚರ್ಮದ ಪಾಲಿಗೆ ಪೆಟ್ಟುಗಳೇ. ಹುರುಪೆಯನ್ನು ಕಿತ್ತಾಗ ಕೆಳಗೆ ರಕ್ತದ ಸಣ್ಣ ಹನಿಗಳು ಜಿನುಗುತ್ತವೆ. ಮರುವಾರ ಅಲ್ಲಿ ಮೊದಲಿಗಿಂತ ದಪ್ಪನಾದ ಹುರುಪೆ ಕುಳಿತಿರುತ್ತದೆ. ರೋಗವು ಕೂದಲಿನಲ್ಲಿದೆ ಎಂದುಕೊಂಡು ತಲೆ ಬೋಳಿಸುವವರೂ ಇದ್ದಾರೆ. ಕೂದಲು ಇಲ್ಲಿ ನಿರಪರಾಧಿ. ಹರಕೆಯ ಮುಡಿಯನ್ನು ಕೊಡಬೇಕಾದವರು ಕೊಡಲಿ. ಆದರೆ ಅದರಿಂದ ರೋಗ ಹೋಗದು. ಕತ್ತಿ ತಾಗಿ ಗಾಯವಾದರೆ ಆ ಗೀರಿನಲ್ಲಿಯೇ ಹೊಸ ಹುರುಪೆ ಏಳಬಹುದಾದುದರಿಂದ, ಮೊದಲೇ ತಿಳಿಸಿ ಎಚ್ಚರದಿಂದ ತೆಗೆಸಿಕೊಳ್ಳುವುದು ಲೇಸು. ರೋಗದ ಕಾಲದಲ್ಲಿ ಉದುರಿದ ಕೂದಲಿಗಾಗಿ ಕೊರಗಬೇಕಾದುದೂ ಇಲ್ಲ. ಕೂದಲಿನ ಬುಡ ಸಾಮಾನ್ಯವಾಗಿ ಹಾಳಾಗದೆ ಉಳಿದಿರುವುದರಿಂದ ನೆತ್ತಿ ತಿಳಿಯಾದ ಮೇಲೆ ಅದು ಬಹುಮಟ್ಟಿಗೆ ಮರಳಿ ಬರುತ್ತದೆ.

ಹುರುಪೆಯನ್ನು ಸಡಿಲಿಸುವ ಬಗೆ

ಹಾಗಾದರೆ ಹುರುಪೆಯನ್ನು ಹಾಗೆಯೇ ಬಿಡಬೇಕೆ? ಬಿಡುವಂತಿಲ್ಲ. ದಪ್ಪ ಹುರುಪೆಯ ಮೇಲೆ ಹಚ್ಚಿದ ಔಷಧವು ಕಲ್ಲಿನ ಮೇಲೆ ಸುರಿದ ನೀರಿನಂತೆ ಒಳಗಿಳಿಯದು. ಅದನ್ನು ಕೀಳದೆ, ಮೆದುಗೊಳಿಸಿ, ತಾನಾಗಿ ಬಿಡುವಂತೆ ಮಾಡುವುದೇ ಸರಿಯಾದ ದಾರಿ.

ರಾತ್ರಿಯಲ್ಲಿ ಕೂದಲನ್ನು ಬೈತಲೆ ಬೈತಲೆಯಾಗಿ ಬಿಡಿಸಿ, ಉಗುರುಬೆಚ್ಚನೆಯ ಕೊಬ್ಬರಿ ಎಣ್ಣೆಯನ್ನು ಕೂದಲಿಗಲ್ಲ, ಹುರುಪೆಗೆ ತಾಗುವಂತೆ ಬೆರಳ ತುದಿಯಿಂದ ಮೆಲ್ಲಗೆ ಸವರಬೇಕು. ಹುರುಪೆ ಬಹಳ ದಪ್ಪವಾಗಿದ್ದರೆ ವೈದ್ಯರು ಸ್ಯಾಲಿಸಿಲಿಕ್ ಆಮ್ಲ ಬೆರೆತ ಎಣ್ಣೆಯನ್ನೋ ಮುಲಾಮನ್ನೋ ಕೊಡುತ್ತಾರೆ. ಅದು ಕಣಗಳ ನಡುವಣ ಅಂಟನ್ನು ಸಡಿಲಿಸುತ್ತದೆ. ಚಿಕ್ಕ ಮಕ್ಕಳಿಗೆ ಮಾತ್ರ ಅದನ್ನು ವೈದ್ಯರನ್ನು ಕೇಳದೆ ಹಚ್ಚಕೂಡದು. ಚರ್ಮದ ಮೂಲಕ ಅದು ಒಳಸೇರಿ ತೊಂದರೆ ಕೊಡಬಲ್ಲುದು. ದಿಂಬಿಗೆ ಹಳೆಯ ಬಟ್ಟೆ ಹಾಸಿ ಮಲಗಿ, ಬೆಳಗ್ಗೆ ಬೆಚ್ಚನೆಯ ನೀರಿನಿಂದ ತಲೆ ತೊಳೆಯಬೇಕು, ನೀರು ಸುಡುವಂತಿರಬಾರದು. ಬಳಿಕ ನಯವಾದ ಬಾಚಣಿಗೆಯನ್ನು ಚರ್ಮಕ್ಕೆ ಒರಗಿಸಿದಂತೆ ಹಿಡಿದು, ಬಿಟ್ಟಷ್ಟನ್ನು ಮಾತ್ರ ಎತ್ತಬೇಕು. ಬಿಡದುದನ್ನು ನಾಳೆಗೆ ಉಳಿಸಬೇಕು. ಎಣ್ಣೆಯನ್ನು ತೊಳೆಯದೆ ದಿನಗಟ್ಟಲೆ ಇಟ್ಟುಕೊಳ್ಳುವುದು ತರವಲ್ಲ. ಹೊಟ್ಟಿಗೆ ಸಂಬಂಧಪಟ್ಟ ಒಂದು ಬೂಷ್ಟು ನೆತ್ತಿಯ ಜಿಡ್ಡನ್ನೇ ತಿಂದು ಬೆಳೆಯುತ್ತದೆ.

ಔಷಧಗಳ ದಾರಿ

ಸೋರಿಯಾಸಿಸ್ಸಿನ ಔಷಧಗಳೆಲ್ಲವೂ ಎರಡರಲ್ಲಿ ಒಂದನ್ನೋ, ಎರಡನ್ನೂ ಕೂಡಿಯೋ ಮಾಡುತ್ತವೆ: ಕಣಗಳ ಅವಸರವನ್ನು ತಡೆಯುವುದು, ತಪ್ಪು ಸಂಕೇತವನ್ನು ಅಡಗಿಸುವುದು. ಅವುಗಳಲ್ಲಿ ಒಂದರ ಕಥೆ ನಮ್ಮ ನೆರೆಯ ಗೋವೆಯೊಡನೆ ಹೆಣೆದುಕೊಂಡಿದೆ. ಬ್ರೆಜಿಲ್ ದೇಶದ ಅರರೋಬ ಎಂಬ ಮರದ ಕಾಂಡದೊಳಗೆ ಸಿಗುವ ಹಳದಿ ಪುಡಿಯು ಪೋರ್ಚುಗೀಸರ ಮೂಲಕ ಗೋವೆಗೆ ಬಂದು, ‘ಗೋವೆಯ ಪುಡಿ’ ಎಂಬ ಹೆಸರಿನಿಂದ ಹುಳುಕಡ್ಡಿಯ ಮದ್ದಾಗಿ ಹರಡಿತ್ತು. 1876ರಲ್ಲಿ ಲಂಡನ್ನಿನ ಬಾಲ್ಮನೊ ಸ್ಕ್ವೈರ್ ಎಂಬ ವೈದ್ಯನು ಅದರ ಸಾರವು ಸೋರಿಯಾಸಿಸ್ಸನ್ನು ಇಳಿಸುವುದೆಂದು ಪ್ರಕಟಿಸಿದನು. ಅದರ ಜಾಡಿನಲ್ಲಿಯೇ ಮುಂದೆ ಜರ್ಮನಿಯಲ್ಲಿ ಡಿಥ್ರನಾಲ್ ಎಂಬ ಔಷಧ ತಯಾರಾಯಿತು.

ಕಲ್ಲಿದ್ದಲ ಟಾರು ಇನ್ನೊಂದು ಹಳೆಯ ಮದ್ದು. ಅಮೆರಿಕದ ಮೇಯೊ ಕ್ಲಿನಿಕ್ಕಿನ ಗೋಕರ್ಮನ್ 1925ರಲ್ಲಿ ಅದನ್ನು ಅತಿನೇರಳೆ ಬೆಳಕಿನೊಡನೆ ಕೂಡಿಸಿ ಬಳಸುವ ಕ್ರಮವನ್ನು ವರ್ಣಿಸಿದನು. ಇಂದು ಟಾರು ಬೆರೆತ ಶಾಂಪೂ ದೊರೆಯುತ್ತದೆ. ಅದನ್ನು ಹಚ್ಚಿದೊಡನೆ ತೊಳೆದರೆ ಹಣ ವ್ಯರ್ಥ. 5ರಿಂದ 10 ನಿಮಿಷ ನೆತ್ತಿಯ ಮೇಲೆ ನಿಲ್ಲಿಸಿ ತೊಳೆಯಬೇಕು.

ಹಚ್ಚುವ ಸ್ಟೆರಾಯಿಡ್‌ಗಳು 1952ರಿಂದ ಬಳಕೆಗೆ ಬಂದವು. ನವೆಯನ್ನೂ ಕೆಂಪನ್ನೂ ಅವುಗಳಷ್ಟು ಬೇಗ ಇಳಿಸುವ ವಸ್ತು ಬೇರೆ ವಿರಳ. ನೆತ್ತಿಗೆ ಮುಲಾಮಿಗಿಂತ ನೀರಾದ ಲೋಷನ್ ಅನುಕೂಲ. ಸಾಮಾನ್ಯವಾಗಿ 2ರಿಂದ 4 ವಾರ ಹಚ್ಚಿ, ಬಳಿಕ ವೈದ್ಯರ ಸೂಚನೆಯಂತೆ ಅಂತರವನ್ನು ಹೆಚ್ಚಿಸುತ್ತ ಬರಬೇಕು. ಗುಣ ಕಂಡಿತೆಂದು ವರ್ಷಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ; ಥಟ್ಟನೆ ನಿಲ್ಲಿಸಿದರೆ ರೋಗ ಇಮ್ಮಡಿಯಾಗಿ ಮರಳಬಹುದು. ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ‘ಎಲ್ಲಕ್ಕೂ ಒಂದೇ’ ಮುಲಾಮುಗಳಲ್ಲಿ ಬಲವಾದ ಸ್ಟೆರಾಯಿಡ್ ಅಡಗಿರುವುದು ನಮ್ಮ ದೇಶದ ದೊಡ್ಡ ಅನಿಷ್ಟಗಳಲ್ಲಿ ಒಂದು. 1985ರಲ್ಲಿ ಜಪಾನಿನ ವೈದ್ಯರು, ಮೂಳೆಯ ಸವೆತಕ್ಕಾಗಿ ಡಿ ಜೀವಸತ್ತ್ವದ ಒಂದು ರೂಪವನ್ನು ಸೇವಿಸುತ್ತಿದ್ದ ರೋಗಿಯೊಬ್ಬನ ಸೋರಿಯಾಸಿಸ್ ಇಳಿದುದನ್ನು ತಿಳಿಸಿದರು. ಆ ದಾರಿಯಲ್ಲಿ ಬಂದ ಕ್ಯಾಲ್ಸಿಪೊಟ್ರಿಯಾಲ್ ಚರ್ಮವನ್ನು ತೆಳುವಾಗಿಸದು. ಆದುದರಿಂದ ಅದನ್ನು ಸ್ಟೆರಾಯಿಡ್ಡಿನೊಡನೆ ಬೆರೆಸಿಯೋ, ಅದರ ಬದಲಾಗಿಯೋ ಕೊಡುತ್ತಾರೆ. ಸ್ಯಾಲಿಸಿಲಿಕ್ ಆಮ್ಲವು ಇದನ್ನು ಕೆಡಿಸುವುದರಿಂದ ಎರಡನ್ನೂ ಒಟ್ಟಿಗೆ ಹಚ್ಚಬಾರದು.

ಹಚ್ಚುವ ಮದ್ದಿಗೆ ಮಣಿಯದ ರೋಗಕ್ಕೆ ನುಂಗುವ ಔಷಧಗಳುಂಟು. ಅವುಗಳಲ್ಲಿ ಮೆಥೊಟ್ರೆಕ್ಸೇಟ್ ಹಳೆಯದು, ಅಗ್ಗದ್ದು, ಪರಿಣಾಮಕಾರಿಯಾದುದು. ಇದನ್ನು ಕುರಿತು ಒಂದು ಮಾತನ್ನು ಒತ್ತಿಹೇಳಬೇಕಾಗಿದೆ: ಸೋರಿಯಾಸಿಸ್ಸಿಗೆ ಇದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದು ದಿನ ಮಾತ್ರ. ತಪ್ಪಾಗಿ ಪ್ರತಿದಿನ ನುಂಗಿದರೆ ಸಾವು ಸಂಭವಿಸಬಹುದು. ಆ ವಾರವನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಂಡು, ಮನೆಯವರೊಬ್ಬರಿಗೂ ತಿಳಿಸಿಡಬೇಕು. ರಕ್ತಪರೀಕ್ಷೆಯನ್ನು ತಪ್ಪಿಸಕೂಡದು, ಮದ್ಯವನ್ನು ದೂರವಿಡಬೇಕು, ಗರ್ಭಿಣಿಯರು ಇದನ್ನು ಸೇವಿಸಲೇಬಾರದು. ಈಚಿನ ದಶಕಗಳಲ್ಲಿ ಬಂದ ಜೈವಿಕ ಔಷಧಗಳು ತಪ್ಪು ಸಂಕೇತವನ್ನೇ ಆರಿಸಿ ತಡೆಯುತ್ತವೆ. ಟಿ ಕಣಗಳ ಮೇಲೆ ಕೆಲಸಮಾಡುವ ಇಟೊಲಿಝುಮಾಬ್ ಎಂಬ ಇಂಥ ಒಂದು ಔಷಧಕ್ಕೆ 2013ರಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು. ಅದನ್ನು ಸಿದ್ಧಪಡಿಸಿದುದು ಬೆಂಗಳೂರಿನ ಬಯೋಕಾನ್. ಜೈವಿಕ ಔಷಧಗಳು ದುಬಾರಿ. ಅವುಗಳಲ್ಲಿ ಹಲವು ಒಳಗೆ ಅಡಗಿರುವ ಕ್ಷಯವನ್ನು ಎಬ್ಬಿಸಬಲ್ಲವಾದುದರಿಂದ ಮೊದಲೇ ಪರೀಕ್ಷೆ ನಡೆಸಬೇಕಾಗುತ್ತದೆ.

ರೋಗವನ್ನು ಕೆರಳಿಸುವ ಸಂಗತಿಗಳು

ಅಡಗಿದ ರೋಗವು ಕಾರಣವಿಲ್ಲದೆಯೂ ಏಳಬಹುದು. ಆದರೆ ಕೆಲವು ಸಂಗತಿಗಳು ಅದನ್ನು ಎಬ್ಬಿಸುವುದು ಚೆನ್ನಾಗಿ ತಿಳಿದಿದೆ. ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕು, ಮನಸ್ಸಿನ ಉದ್ವೇಗ, ಧೂಮಪಾನ, ಮದ್ಯ, ಮಿತಿಮೀರಿದ ಮೈತೂಕ ಇವು ಮುಖ್ಯವಾದವು. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು, ಮನೋರೋಗಕ್ಕೆ ಕೊಡುವ ಲಿಥಿಯಮ್, ಮಲೇರಿಯಕ್ಕೆ ಕೊಡುವ ಕ್ಲೋರೊಕ್ವಿನ್ ಸಹ ಕೆಲವರಲ್ಲಿ ರೋಗವನ್ನು ಹೆಚ್ಚಿಸುತ್ತವೆ. ಅವುಗಳನ್ನು ತಾವಾಗಿಯೇ ನಿಲ್ಲಿಸದೆ, ತಮಗೆ ಸೋರಿಯಾಸಿಸ್ ಇದೆಯೆಂದು ವೈದ್ಯರಿಗೆ ತಿಳಿಸುವುದು ಯುಕ್ತ. ಹೆಸರಿಲ್ಲದ ಪುಡಿಯಲ್ಲಿ ಬೆರೆತ ಸ್ಟೆರಾಯಿಡ್ಡನ್ನು ನುಂಗುವವರು ಅದನ್ನು ಬಿಟ್ಟೊಡನೆ ರೋಗವು ಮೈಯೆಲ್ಲ ಹಬ್ಬುವ ಅಪಾಯವುಂಟು. ಮೈಯೆಲ್ಲ ಕೆಂಪಾಗಿ ಸುಲಿಯತೊಡಗಿದರೆ, ಜ್ವರದೊಡನೆ ಕೀವುಗುಳ್ಳೆಗಳು ಎದ್ದರೆ, ತಡಮಾಡದೆ ಆಸ್ಪತ್ರೆ ಸೇರಬೇಕು.

ಇನ್ನು ಕೊನೆಯ ಪ್ರಶ್ನೆ: ಇದು ವಾಸಿಯಾಗುತ್ತದೆಯೇ? ಬೇರುಸಹಿತ ಕೀಳುವ ಮದ್ದು ಈವರೆಗೆ ದೊರೆತಿಲ್ಲ. ಕೆಲವೇ ವಾರಗಳಲ್ಲಿ ಶಾಶ್ವತವಾಗಿ ಗುಣಪಡಿಸುವೆವೆಂದು ಸಾರುವವರನ್ನು ನಂಬಬೇಕಾದುದಿಲ್ಲ. ಆದರೆ ವಾಸಿಯಾಗದು ಎಂಬುದು ಬೇರೆ, ಹತೋಟಿಗೆ ಬಾರದು ಎಂಬುದು ಬೇರೆ. ಸಿಹಿಮೂತ್ರ ರೋಗವನ್ನೂ ರಕ್ತದೊತ್ತಡವನ್ನೂ ಹಿಡಿತದಲ್ಲಿಟ್ಟುಕೊಂಡು ತುಂಬು ಬಾಳನ್ನು ಬಾಳುವವರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ. ನೆತ್ತಿಯ ಸೋರಿಯಾಸಿಸ್ಸೂ ಆ ಸಾಲಿಗೆ ಸೇರಿದುದೇ. ಅವಸರವೇ ರೋಗವಾಗಿರುವ ಚರ್ಮಕ್ಕೆ ನಮ್ಮ ಅವಸರವನ್ನೂ ಸೇರಿಸದೆ, ಮೆದುವಾದ ಕೈಯಿಂದ, ತಾಳ್ಮೆಯಿಂದ, ವೈದ್ಯರ ನೆರವಿನಿಂದ ಆರೈಕೆಮಾಡಿದರೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ, ಅದು ತಿಳಿಯಾಗಿ ಉಳಿಯಬಲ್ಲುದು. ಸುತ್ತಲಿನವರಿಂದ ಬೇಕಾದುದು ಇನ್ನೂ ಸುಲಭವಾದ ಸಹಾಯ. ಉಪದೇಶವನ್ನು ಕಡಿಮೆಮಾಡಿ, ಅಂಜದೆ ಪಕ್ಕದಲ್ಲಿ ಕುಳಿತುಕೊಂಡರೆ ಸಾಕು.